ಹಳೇ ಬೈಕ್ ಮಾರುವ ಕ್ರಮ: ಮೊದಲು ಆರ್‌ಸಿ, ಆಮೇಲೆ ಸೋಪು-ನೀರು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಳೇ ಬೈಕ್ ಮಾರಲು ಹೊರಟವರು ಎಡವುವುದು ಒಂದೇ ಜಾಗದಲ್ಲಿ. ಭಾನುವಾರ ಮುಂಜಾನೆ ಗಾಡಿ ತೊಳೆದು, ಫೋಟೊ ತೆಗೆದು, ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ. ಸಂಜೆಗೆ ಕುಂದಗೋಳದಿಂದಲೋ ನವಲಗುಂದದಿಂದಲೋ ಇಬ್ಬರು ಬಂದು ನೋಡುತ್ತಾರೆ, ದರ ಕುದುರುತ್ತದೆ, ಸಂಚಕಾರವೂ ಕೈಗೆ ಬರುತ್ತದೆ. ಆಮೇಲೆ ಆರ್‌ಸಿ (ಗಾಡಿಯ ನೋಂದಣಿ ಕಾರ್ಡು) ಹುಡುಕಿ ತೆಗೆದರೆ, ಎಂದೋ ತೀರಿಸಿದ ಸಾಲದ ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಅದರ ಮೇಲಿರುತ್ತದೆ. ಇಲ್ಲವೇ ಗಾಡಿ ತೀರಿಹೋದ ಅಪ್ಪನ ಹೆಸರಿನಲ್ಲಿರುತ್ತದೆ. ಕೊಳ್ಳಲು ಬಂದವರು "ಇರ್ಲಿ ಬಿಡ್ರಿ, ಪೇಪರ್ ಆಮ್ಯಾಗ ಮಾಡ್ಸೋಣು" ಅನ್ನುತ್ತಾರೆ, ಮಾರುವವರೂ ಹೂಂ ಅನ್ನುತ್ತಾರೆ. ಆ "ಆಮ್ಯಾಗ" ಬರುವುದೇ ಇಲ್ಲ.

ಗಾಡಿಯ ಹಣ ಕೈಗೆ ಬಂದಾಗ ಮಾರಾಟ ಮುಗಿಯುವುದಿಲ್ಲ. ದಾಖಲೆಯಲ್ಲಿ ನಿಮ್ಮ ಹೆಸರು ಹೋಗಿ ಇನ್ನೊಬ್ಬರ ಹೆಸರು ಬಂದಾಗ ಮುಗಿಯುತ್ತದೆ. ಕೆಳಗಿನ ಹಂತಗಳನ್ನು ಹಾಗಾಗಿ ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ತೊಂದರೆ ಬರುವುದು ಮಾರಿದವರಿಗೇ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಮೂಲ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ನಿಮ್ಮ ಆಧಾರ್ ಮತ್ತು ಪ್ಯಾನ್, ಎರಡೂ ಕೀಲಿ, ಸರ್ವಿಸ್ ಮಾಡಿಸಿದ ಬಿಲ್ಲುಗಳಿದ್ದರೆ ಅವು, ಒಂದು ಪೆನ್ಸಿಲ್, ಮತ್ತು ಆರ್‌ಸಿಗೆ ಜೋಡಿಸಿರುವ ಮೊಬೈಲ್ ನಂಬರಿನ ಫೋನು.

ಹಂತ 1: ಆರ್‌ಸಿಯನ್ನು ಕೂತು ಓದಿ

ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ ಕಾರ್ಡನ್ನು ನಾವು ಓದಿರುವುದಿಲ್ಲ. ಈಗ ಓದಿ.

ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ನೋಡಿ. ಒಂದರಲ್ಲಿ ಮನೆತನದ ಹೆಸರು ಇದ್ದು ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದರೆ ಅರ್ಜಿ ನಿಲ್ಲಬಹುದು. ನಮ್ಮಲ್ಲಿ ಅಡ್ಡಹೆಸರು ಒಂದು ಕಡೆ ಬರೆಸಿ ಇನ್ನೊಂದು ಕಡೆ ಬಿಡುವ ರೂಢಿ ಹೆಚ್ಚು, ಆದ್ದರಿಂದ ಇದನ್ನು ಸಣ್ಣದೆಂದು ಬಿಡಬೇಡಿ.

ಸಾಲದ ಕಂಪನಿಯ ಅಥವಾ ಬ್ಯಾಂಕಿನ ಹೆಸರು ಇದೆಯೇ ನೋಡಿ. ಆರ್‌ಸಿಯ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಖಾಸಗಿ ಬೈಕಿಗೆ ಮೊದಲ ನೋಂದಣಿಯಿಂದ 15 ವರ್ಷ. ಚಾಸಿ (ಗಾಡಿಯ ಚೌಕಟ್ಟಿನ) ನಂಬರ್ ಮತ್ತು ಇಂಜಿನ್ ನಂಬರ್ ಗಾಡಿಯ ಮೇಲೆ ಕೆತ್ತಿರುವುದಕ್ಕೆ ಹೊಂದುತ್ತವೆಯೇ ನೋಡಿ. ಇಲ್ಲಿ ಬಹಳ ಮಂದಿ ಸಿಕ್ಕಿಬೀಳುತ್ತಾರೆ: ಎಂದೋ ಇಂಜಿನ್ ಸೀಜ್ ಆಗಿದ್ದಾಗ ಮಿಸ್ತ್ರಿ ಹಳೇ ಕ್ರ್ಯಾಂಕ್‌ಕೇಸ್ ಹಾಕಿಕೊಟ್ಟಿರುತ್ತಾನೆ, ಇಂಜಿನ್ ನಂಬರ್ ಬದಲಾಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಹಾಗಿದ್ದರೆ ಮಾರಾಟದ ಮಾತು ಎತ್ತುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಅದನ್ನು ದಾಖಲು ಮಾಡಿಸಬೇಕು.

ಇನ್ನು ಕಚೇರಿ ಯಾವುದು. ಧಾರವಾಡಕ್ಕೆ ಕೆಎ-25, ಹುಬ್ಬಳ್ಳಿಗೆ ಕೆಎ-63, ಗದಗಿಗೆ ಕೆಎ-26, ಹಾವೇರಿಗೆ ಕೆಎ-27, ರಾಣೆಬೆನ್ನೂರಿಗೆ ಕೆಎ-68. ಹುಬ್ಬಳ್ಳಿಯ ಹಳೇ ಗಾಡಿಗಳು ಎಷ್ಟೋ ಕೆಎ-25 ನಂಬರಿನವೇ, ಏಕೆಂದರೆ ಕೆಎ-63 ಬಂದದ್ದು ಆಮೇಲೆ. ನಂಬರ್ ಪ್ಲೇಟ್ ನೋಡಿ ಕಚೇರಿ ಊಹಿಸಬೇಡಿ. ವಾಹನ ದಾಖಲೆಗಳ ಸರ್ಕಾರಿ ವೆಬ್‌ಸೈಟ್ ಆದ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿಯ ನಂಬರ್ ಹಾಕಿದರೆ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ತೋರಿಸುತ್ತದೆ.

ಕೊನೆಯದು ಮೊಬೈಲ್ ನಂಬರ್. ಹೆಸರು ವರ್ಗಾವಣೆಯ ಓಟಿಪಿ ದಾಖಲೆಯಲ್ಲಿರುವ ನಂಬರಿಗೇ ಹೋಗುತ್ತದೆ. ಹಳೇ ಗಾಡಿಗಳಲ್ಲಿ ನಂಬರ್ ಇರುವುದೇ ಇಲ್ಲ, ಇಲ್ಲವೇ ಕೈಬಿಟ್ಟ ಸಿಮ್ಮಿನದು, ಇಲ್ಲವೇ ಆಗ ಕೆಲಸ ಮಾಡಿಕೊಟ್ಟ ಏಜೆಂಟನದು ಇರುತ್ತದೆ. ಏಜೆಂಟನ ನಂಬರ್ ಇದ್ದರೆ ನಿಮ್ಮ ಗಾಡಿಯ ಬೀಗದ ಕೈ ಅವರ ಹತ್ತಿರ ಇದ್ದಂತೆಯೇ. ಪೋರ್ಟಲ್‌ನಲ್ಲಿ ಚಾಸಿ ನಂಬರಿನ ಕೊನೆಯ 5 ಅಂಕಿ ಮುಂತಾದ ವಿವರ ಕೊಟ್ಟು ನಿಮ್ಮ ಈಗಿನ ನಂಬರ್ ಜೋಡಿಸಿಕೊಳ್ಳಿ.

ಆರ್‌ಸಿಯೇ ಕಳೆದಿದ್ದರೆ ಪೊಲೀಸರಲ್ಲಿ ಕಳೆದ ದೂರು ದಾಖಲಿಸಿ, ಫಾರ್ಮ್ 26ರಲ್ಲಿ ನಕಲು ಆರ್‌ಸಿಗೆ ಅರ್ಜಿ ಹಾಕಿ. ಝೆರಾಕ್ಸ್ ತೋರಿಸಿ ಗಾಡಿ ಮಾರಲು ಹೋಗಬೇಡಿ. ಒಳ್ಳೆಯ ಗಿರಾಕಿ ಅಲ್ಲಿಯೇ ತಿರುಗಿ ಹೋಗುತ್ತಾನೆ. ಝೆರಾಕ್ಸ್ ನೋಡಿಯೂ ನಿಲ್ಲುವ ಗಿರಾಕಿಯನ್ನು ನೀವು ನಂಬಬಾರದು.

ಹಂತ 2: ದಾಖಲೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ

ಹೆಚ್ಚು ದಿನ ಹಿಡಿಯುವ ಹಂತ ಇದೇ. ಒಂದು ತಿಂಗಳಾದರೂ ಇದಕ್ಕೆಂದೇ ತೆಗೆದಿಡಿ.

ತೀರಿದ ಸಾಲ. ಕಂತೆಲ್ಲ ಕಟ್ಟಿದ ಮಾತ್ರಕ್ಕೆ ಆರ್‌ಸಿಯಿಂದ ಕಂಪನಿಯ ಹೆಸರು ತಾನಾಗಿ ಹೋಗುವುದಿಲ್ಲ. ಸಾಲ ಕೊಟ್ಟವರಿಂದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಅವರ ಸಹಿ-ಸೀಲು ಇರುವ ಫಾರ್ಮ್ 35 ಎರಡು ಪ್ರತಿ ತಂದು ಅರ್ಜಿ ಹಾಕಿದಾಗಲೇ ಹೋಗುತ್ತದೆ. ಸಾಲ ತೀರಿದಾಗ ಅವರು ಅಂಚೆಯಲ್ಲಿ ಕಳಿಸಿದ ಎನ್‌ಒಸಿ ಟ್ರಂಕಿನಲ್ಲಿ ಸಿಕ್ಕಿತೆಂದು ಖುಷಿಪಡಬೇಡಿ, ಅದರ ಮೇಲಿನ ತಾರೀಖು ನೋಡಿ. ಸಾಮಾನ್ಯವಾಗಿ ಅದಕ್ಕೆ ಮೂರು ತಿಂಗಳ ಅವಧಿ ಇರುತ್ತದೆ. ಮುಗಿದಿದ್ದರೆ ಹೊಸದು ಕೇಳಬೇಕು. ನಿಮ್ಮ ಊರಿನ ಶಾಖೆ ಮುಚ್ಚಿಹೋಗಿದ್ದರೆ ಮುಖ್ಯ ಕಚೇರಿಗೆ ಸಾಲದ ಖಾತೆ ನಂಬರ್ ಹಾಕಿ ಇಮೇಲ್ ಬರೆಯಿರಿ; ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ.

ಅಪ್ಪನ ಹೆಸರಿನ ಗಾಡಿ. ತೀರಿಹೋದವರ ಹೆಸರಿನ ಗಾಡಿಯನ್ನು ಮಗ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ವಂಶಾವಳಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತವೆ. ಕಾಯ್ದೆ ಇದಕ್ಕೆ ಮೂರು ತಿಂಗಳ ಗಡುವು ಕೊಡುತ್ತದೆ. ನಮ್ಮ ಹಳ್ಳಿಗಳಲ್ಲಿ ಐದಾರು ವರ್ಷವಾದರೂ ಯಾರೂ ಹೋಗಿರುವುದಿಲ್ಲ. ತಡವಾಗಿದ್ದರೂ ಹೋಗಿ, ದಂಡ ಕಟ್ಟಿ ಮಾಡಿಸಿಕೊಳ್ಳಿ. ತಂದೆಯ ಸಹಿಯನ್ನು ತಾವೇ ಹಾಕಿಬಿಡುವವರನ್ನು ನಾನು ನೋಡಿದ್ದೇನೆ. ಅದು ಖೋಟಾ ಸಹಿ, ಅಪರಾಧ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಅಣ್ಣತಮ್ಮಂದಿರಲ್ಲಿ ಮಾತು ಬಿಟ್ಟಿದ್ದರೆ ಗಾಡಿಯ ನೆಪದಲ್ಲಾದರೂ ಒಮ್ಮೆ ಕೂತು ಒಪ್ಪಿಗೆ ಪಡೆದುಕೊಳ್ಳಿ.

15 ವರ್ಷದ ಗಡಿ. ಅವಧಿ ಮುಗಿದಿದ್ದರೆ ಫಾರ್ಮ್ 25ರಲ್ಲಿ ನವೀಕರಣ ಮಾಡಿಸಬೇಕು. ಗಾಡಿ ತಪಾಸಣೆ ಆಗುತ್ತದೆ, ಪಾಸಾದರೆ 5 ವರ್ಷ ಮುಂದುವರಿಯುತ್ತದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಇನ್ನು ಐದಾರು ತಿಂಗಳಷ್ಟೇ ಉಳಿದಿರುವ ಗಾಡಿಯನ್ನು ಏನು ಮಾಡಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಅಭಿಪ್ರಾಯ ಹೀಗಿದೆ: ಇಂಜಿನ್ ಚಲೋ ಇದ್ದರೆ ನವೀಕರಿಸಿಯೇ ಮಾರಿ, ಖರ್ಚಿಗಿಂತ ಹೆಚ್ಚು ಬೆಲೆಯಲ್ಲಿ ತಿರುಗಿ ಬರುತ್ತದೆ. ಇಂಜಿನ್ ದಣಿದಿದ್ದರೆ ನವೀಕರಣಕ್ಕೆ ಕಾಯದೆ ಈಗಲೇ ಮಾರಿ, ಅವಧಿ ಇಷ್ಟೇ ಉಳಿದಿದೆ ಎಂದು ಬಾಯಿಬಿಟ್ಟು ಹೇಳಿ.

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಇದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಿದೆ. ಪ್ಲೇಟ್ ಇಲ್ಲದಿದ್ದರೆ ಹೆಸರು ವರ್ಗಾವಣೆಗೆ ತಡೆ ಬೀಳುತ್ತದೆ. ಸಾರಿಗೆ ಇಲಾಖೆಯ ವೆಬ್‌ಸೈಟ್ ಮೂಲಕವೇ ಬುಕ್ ಮಾಡಿ. ಅದೇ ರೀತಿ ಕಾಣುವ ನಕಲಿ ಸೈಟುಗಳಿವೆ. ಗೂಗಲ್‌ನಲ್ಲಿ ಮೊದಲು ಕಂಡ ಲಿಂಕ್ ಒತ್ತಿ ಹಣ ಕಳೆದುಕೊಂಡವರು ನಮ್ಮ ಓಣಿಯಲ್ಲಿಯೇ ಇದ್ದಾರೆ.

ದಂಡ. ಇ-ಚಲನ್ ಪುಟದಲ್ಲಿ ಗಾಡಿ ನಂಬರ್ ಹಾಕಿ ಬಾಕಿ ನೋಡಿ. ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಓಡಾಡುವವರಿಗೆ ಗೊತ್ತೇ ಆಗದೆ ಕ್ಯಾಮೆರಾದಲ್ಲಿ ಬಿದ್ದ ಹೆಲ್ಮೆಟ್ ಕೇಸು, ಸಿಗ್ನಲ್ ಕೇಸು ಇರುತ್ತವೆ. ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಇನ್ಶೂರೆನ್ಸ್ ಮತ್ತು ಎಮಿಷನ್. ಎರಡೂ ಚಾಲ್ತಿಯಲ್ಲಿ ಇರಬೇಕು. "ಮಾರೋ ಗಾಡಿಗೆ ಯಾಕ ಇನ್ಶೂರೆನ್ಸ್" ಎಂದು ಉಳಿಸಲು ಹೋಗಬೇಡಿ. ಹಳೇ ಗಾಡಿಗೆ ಥರ್ಡ್ ಪಾರ್ಟಿ (ಎದುರಿನವರಿಗಾದ ಹಾನಿಗೆ ಮಾತ್ರ ಕೊಡುವ ವಿಮೆ) ಸಾಕು. 2022ರ ಜೂನ್‌ನಿಂದ ಜಾರಿಯಾದ ದರದಲ್ಲಿ 75ರಿಂದ 150 ಸಿಸಿವರೆಗಿನ ಬೈಕಿಗೆ ಅದು ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಟೆಸ್ಟ್ ರೈಡ್‌ಗೆ ಕೊಟ್ಟಾಗ ಗಿರಾಕಿ ಯಾರಿಗಾದರೂ ಗುದ್ದಿದರೆ ಈ ಪಾಲಿಸಿ ಒಂದೇ ನಿಮ್ಮ ಆಸರೆ. ಬಿಎಸ್-3 (ಹೊಗೆ ನಿಯಮದ ಹಳೇ ಹಂತ) ಗಾಡಿಯ ಎಮಿಷನ್ 6 ತಿಂಗಳಿಗೊಮ್ಮೆ ಮಾಡಿಸಬೇಕು, ಬಿಎಸ್-4ರಿಂದ ಮುಂದಿನವಕ್ಕೆ ವರ್ಷಕ್ಕೊಮ್ಮೆ.

ಹಂತ 3: ಮಿಸ್ತ್ರಿ ಹತ್ತಿರ ಒಯ್ಯಿರಿ, ಆದರೆ ಎಲ್ಲವನ್ನೂ ಮಾಡಿಸಬೇಡಿ

ನಿಮ್ಮ ಗಾಡಿಯನ್ನು ಹತ್ತು ವರ್ಷ ನೋಡಿದ ಮಿಸ್ತ್ರಿಗೆ ಅದರ ಸಂಕಟ ಗೊತ್ತು. ಅವನ ಹತ್ತಿರವೇ ಹೋಗಿ, "ಇದನ್ನ ನೀನ ತಗೊಳ್ಳೋದಾದ್ರ ಏನೇನು ನೋಡ್ತಿ?" ಎಂದು ಕೇಳಿ. ಆ ಪಟ್ಟಿಯನ್ನು ಬರೆದುಕೊಳ್ಳಿ.

ಮಾಡಿಸಬೇಕಾದವು ಸಣ್ಣ ಸಣ್ಣವು: ಆಯಿಲ್ ಬದಲಿ, ಸ್ಪಾರ್ಕ್ ಪ್ಲಗ್ ಸ್ವಚ್ಛ ಅಥವಾ ಹೊಸದು, ಏರ್ ಫಿಲ್ಟರ್, ಬ್ರೇಕ್ ಶೂ, ಕ್ಲಚ್ ಕೇಬಲ್, ಚೈನಿಗೆ ಎಣ್ಣೆ ಹಚ್ಚಿ ಬಿಗಿ ಮಾಡುವುದು, ಹಾರ್ನು, ಇಂಡಿಕೇಟರ್, ಹೆಡ್‌ಲೈಟ್. ಮುಂದಿನ ಫೋರ್ಕಿನ ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ಅದನ್ನೂ ಹಾಕಿಸಿ, ಕಣ್ಣಿಗೆ ಮೊದಲು ಬೀಳುವುದು ಅದೇ. ಬ್ಯಾಟರಿ ಸತ್ತಿದ್ದರೆ ಹೊಸದು ಹಾಕಿಸುವ ಬದಲು ಕಿಕ್ ಹೊಡೆದು ತೋರಿಸಿ, ಬೆಲೆಯಲ್ಲಿ ಅಷ್ಟು ಬಿಡಿ.

ಇಂಜಿನ್ ಬಿಚ್ಚಿ ಬೋರ್ ಮಾಡಿಸುವುದು, ಇಡೀ ಗಾಡಿಗೆ ಹೊಸ ಬಣ್ಣ, ಹೊಸ ಟಯರ್, ಹೊಸ ಸೀಟ್ ಕವರ್, ಹೊಸ ಸ್ಟಿಕ್ಕರ್ ಬೇಡ. ಹಾಕಿದ ಹಣ ತಿರುಗಿ ಬರುವುದಿಲ್ಲ. ಬಣ್ಣದ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ: ಮಿರಿಮಿರಿ ಮಿಂಚುವ ಹಳೇ ಗಾಡಿ ನೋಡಿದರೆ ನಮ್ಮ ಗಿರಾಕಿಗಳು ಇದು ಬಿದ್ದು ಎದ್ದ ಗಾಡಿ ಎಂದೇ ಅಂದುಕೊಳ್ಳುತ್ತಾರೆ.

ಹೊಗೆಯನ್ನು ನೀವೇ ನೋಡಿ. ಮುಂಜಾನೆಯ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಅದು ಆವಿ, ಚಿಂತೆಯಿಲ್ಲ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನೋಡಿಸಿದರೆ ಸಾಕು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಅದನ್ನು ದಪ್ಪ ಆಯಿಲ್ ಹಾಕಿ ನಾಲ್ಕು ದಿನ ಮುಚ್ಚಿಡುವ ಮದ್ದು ಕೆಲವರು ಹೇಳಿಕೊಡುತ್ತಾರೆ. ಮಾಡಬೇಡಿ. ಕೊಳ್ಳುವವನು ಬಹಳ ಸಲ ಒಂದು ಹಂಗಾಮಿನ ದುಡಿಮೆಯನ್ನು ನಿಮ್ಮ ಕೈಗೆ ಇಡುತ್ತಿರುತ್ತಾನೆ.

ತೊಳೆಯುವುದು ಈಗ. ನಮ್ಮ ಎರೆಮಣ್ಣು ಮಡ್‌ಗಾರ್ಡ್ ಒಳಗೆ, ಚೈನ್ ಕವರಿನೊಳಗೆ, ಸೈಲೆನ್ಸರ್ ಹಿಂದೆ ಗಟ್ಟಿ ಕೂತು ಒಳಗಿಂದಲೇ ತುಕ್ಕು ಹಿಡಿಸುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಹೊಲಗಳಿಗೆ ಮಳೆಗಾಲದಲ್ಲಿ ಹೋಗಿಬಂದ ಗಾಡಿಯಾದರೆ ಹಿಂದಿನ ರಾತ್ರಿ ನೀರು ಹೊಡೆದು ನೆನೆಬಿಟ್ಟು, ಮರುದಿನ ಕಟ್ಟಿಗೆಯ ಚಕ್ಕೆಯಿಂದ ಕೆರೆಯಿರಿ. ಕಬ್ಬಿಣದ ಉಳಿ ಬೇಡ. ಒಳಗಿನ ತುಕ್ಕು ಎಷ್ಟಿದೆ ಎಂದು ಆಗಲೇ ನಿಮಗೂ ಗೊತ್ತಾಗುವುದು.

ಹಂತ 4: ಬೆಲೆ ಮತ್ತು ಹಂಗಾಮು

ಬೆಲೆ ಗೊತ್ತುಮಾಡಲು ಮೂರು ಕಡೆ ಕೇಳಿ. ಸೆಕೆಂಡ್‌ಹ್ಯಾಂಡ್ ಗಾಡಿ ವ್ಯಾಪಾರದವರು ಹೇಳುವುದು ತಳದ ಬೆಲೆ. ಅವರು ರಿಪೇರಿ, ಲಾಭ ಎಲ್ಲ ಕಳೆದು ಹೇಳುತ್ತಾರೆ, ಅದು ಅವರ ಉದ್ಯೋಗ. ಆನ್‌ಲೈನ್ ಜಾಹೀರಾತಿನಲ್ಲಿ ಕಾಣುವುದು ಮೇಲಿನ ಬೆಲೆ. ಅಷ್ಟಕ್ಕೆ ಹೋಗಿದೆ ಎಂದಲ್ಲ, ಅಷ್ಟು ಕೇಳಿದ್ದಾರೆ ಎಂದಷ್ಟೇ. ಮಿಸ್ತ್ರಿ ಹೇಳುವುದು ಇವೆರಡರ ನಡುವೆ ಬೀಳುತ್ತದೆ, ಹೆಚ್ಚಾಗಿ ಅದೇ ನಿಜಕ್ಕೆ ಹತ್ತಿರ. ನನ್ನ 2012ರ 100 ಸಿಸಿ ಗಾಡಿಗೆ ವ್ಯಾಪಾರದವರು 14 ಸಾವಿರ ಅಂದಿದ್ದರು, ಮಿಸ್ತ್ರಿ 19 ಅಂದ. 21 ಹೇಳಿದೆ, 18 ಸಾವಿರದ 500ಕ್ಕೆ ಕೊಟ್ಟೆ.

ನಮ್ಮ ಭಾಗದಲ್ಲಿ ಗಿರಾಕಿ ನೋಡುವುದು ಮೈಲೇಜ್, ಬಿಡಿಭಾಗ ಸಿಗುವ ಅನುಕೂಲ ಮತ್ತು ಗಟ್ಟಿತನ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಹೊರಬೇಕಾದ ಗಾಡಿ ಅದು. ಹಾಗಾಗಿ 100 ಸಿಸಿ ಸ್ಪ್ಲೆಂಡರ್‌ನಂಥ ಗಾಡಿ ಹಳೆಯದಾದರೂ ನಿಲ್ಲುವುದಿಲ್ಲ, 220 ಸಿಸಿಯ ಗಾಡಿ ಎಷ್ಟು ಚಲೋ ಇದ್ದರೂ ಕಾಲೇಜಿನ ಹುಡುಗರನ್ನೇ ಕಾಯಬೇಕು. ಅಂಥದ್ದನ್ನು ಹಳ್ಳಿಯ ಕಡೆ ತೋರಿಸುತ್ತ ದಿನ ಕಳೆಯಬೇಡಿ. ವಿದ್ಯಾನಗರ, ಸಪ್ತಾಪುರದಂಥ ವಿದ್ಯಾರ್ಥಿಗಳಿರುವ ಬಡಾವಣೆಗಳಲ್ಲಿ ಸುದ್ದಿ ಬಿಡಿ.

ಕಾಲ ನೋಡಿ. ಹೆಸರುಕಾಳು ಕಟಾವಾಗಿ ಅಮರಗೋಳದ ಎಪಿಎಂಸಿಗೆ ಮಾಲು ಬರುವ ಆಗಸ್ಟ್ ಕೊನೆ-ಸೆಪ್ಟೆಂಬರ್‌ನಲ್ಲಿ ರೈತರ ಕೈಯಲ್ಲಿ ಹಣ ಇರುತ್ತದೆ. ಹಾವೇರಿ ಕಡೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಮಾರಾಟವಾಗುವ ಜನವರಿಯ ನಂತರದ ದಿನಗಳು ಚಲೋ. ದಸರಾ-ದೀಪಾವಳಿಯಲ್ಲಿ ಜನ ಹೊಸ ಗಾಡಿ ತೆಗೆದುಕೊಂಡು ಹಳೆಯವನ್ನು ಎಕ್ಸ್‌ಚೇಂಜ್‌ಗೆ ಬಿಡುತ್ತಾರೆ, ಹಬ್ಬದ ನಂತರ ಹಳೇ ಗಾಡಿ ರಾಶಿ ಬಿದ್ದು ಬೆಲೆ ಇಳಿಯುತ್ತದೆ. ಆಗುವುದಾದರೆ ಆಯುಧ ಪೂಜೆಗಿಂತ ಮೊದಲೇ ಮಾರಿ ಮುಗಿಸಿ. ಆಷಾಢದಲ್ಲಿ ಗಿರಾಕಿ ಬರುವುದು ಕಡಿಮೆ, ಬಂದರೂ ಅವಸರ ಮಾಡುವುದಿಲ್ಲ.

ಹಂತ 5: ಫೋಟೊ ಮತ್ತು ಜಾಹೀರಾತು

ಎರಡೂ ಬದಿ, ಮುಂದೆ, ಹಿಂದೆ, ಕಿಲೋಮೀಟರ್ ಮೀಟರ್, ಟಯರ್, ಮತ್ತು ಗಾಡಿಯ ದೊಡ್ಡ ಊನ ಯಾವುದಿದೆಯೋ ಅದರ ಫೋಟೊ. ಊನ ಮೊದಲೇ ತೋರಿಸಿದರೆ ದೂರದಿಂದ ಬಂದವನು ಬಾಗಿಲಲ್ಲಿ ಮುಖ ಸಿಂಡರಿಸುವುದು ತಪ್ಪುತ್ತದೆ. ಬರೆಯುವುದು ನಾಲ್ಕು ಸಾಲು: ಮಾಡೆಲ್ ವರ್ಷ, ಎಷ್ಟನೇ ಮಾಲೀಕರು, ಆರ್‌ಸಿ ಎಲ್ಲಿಯವರೆಗೆ, ಇನ್ಶೂರೆನ್ಸ್ ಎಲ್ಲಿಯವರೆಗೆ. ಆರ್‌ಸಿ ಮತ್ತು ಆಧಾರ್‌ನ ಫೋಟೊಗಳನ್ನು ಯಾರಿಗೂ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನಿಮ್ಮ ಆರ್‌ಸಿಯ ಚಿತ್ರ ತೋರಿಸಿ ಇನ್ನೊಬ್ಬರಿಂದ ಸಂಚಕಾರ ಎತ್ತುವ ಮೋಸ ನಡೆಯುತ್ತದೆ.

ಹಂತ 6: ಗಿರಾಕಿ ಬಂದಾಗ

ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ. ತಿಳಿದವರು ಬಂದ ಕೂಡಲೇ ಇಂಜಿನ್ನಿಗೆ ಕೈ ಹಚ್ಚಿ ನೋಡುತ್ತಾರೆ. ಬಿಸಿ ಇದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿದ್ದಾರೆ ಎಂದು ಸಂಶಯ ಬರುತ್ತದೆ. ತಣ್ಣಗಿನ ಗಾಡಿಯನ್ನು ಅವರೇ ಕಿಕ್ ಹೊಡೆಯಲಿ.

ಟೆಸ್ಟ್ ರೈಡ್ ಕೊಡುವ ಮೊದಲು ಡ್ರೈವಿಂಗ್ ಲೈಸೆನ್ಸ್ ಕಣ್ಣಾರೆ ನೋಡಿ. ಲೈಸೆನ್ಸ್ ಇಲ್ಲದವನ ಕೈಗೆ ಕೊಟ್ಟು ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ, ಪೊಲೀಸ್ ಕೇಸು ನಿಮ್ಮ ಮೇಲೂ ಬರುತ್ತದೆ. ನೀವು ಹಿಂದೆ ಕೂತು ಹೋಗಿ, ಇಲ್ಲವೇ ಅವರು ಬಂದ ಗಾಡಿಯ ಕೀಲಿ ಮತ್ತು ಜೊತೆಗಾರ ನಿಮ್ಮ ಹತ್ತಿರ ಇರಲಿ. ಗೋಕುಲ ರೋಡಿನಂಥ ಲಾರಿ ಓಡಾಡುವ ರಸ್ತೆಗೆ ಬಿಡಬೇಡಿ. ನಿಮ್ಮ ಬಡಾವಣೆಯ ರಸ್ತೆಯಲ್ಲಿ, ಒಂದು ಏರು ಇರುವ ಕಡೆ, ಎರಡು ಸುತ್ತು ಸಾಕು.

ಚೌಕಾಸಿಯಲ್ಲಿ "ಕಡೀದು ಹೇಳಿಬಿಡ್ರಿ ಅಣ್ಣಾರ" ಎಂಬ ಮಾತು ಬಂದೇ ಬರುತ್ತದೆ. ಟೆಸ್ಟ್ ರೈಡ್ ಆಗುವ ಮೊದಲು ಕಡೀದು, ಅಂದರೆ ಕೊನೆಯ ದರ, ಹೇಳಬೇಡಿ. ಗಾಡಿ ನೋಡದೆಯೇ ಫೋನಿನಲ್ಲಿ ಕೇಳಿದವರಿಗಂತೂ ಹೇಳಲೇಬೇಡಿ, ಮನೆಗೆ ಬಂದಾಗ ಅಲ್ಲಿಂದಲೇ ಇಳಿಸಲು ಶುರು ಮಾಡುತ್ತಾರೆ.

ಈ ಲಕ್ಷಣಗಳು ಕಂಡರೆ ಅಲ್ಲಿಗೇ ನಿಲ್ಲಿಸಿ:

ಗಾಡಿ ನೋಡದೆ, ದರ ಕಡಿಮೆ ಮಾಡದೆ, ಈಗಲೇ ಹಣ ಹಾಕುತ್ತೇನೆ ಅನ್ನುವವರು. ಮಿಲಿಟರಿಯಲ್ಲಿದ್ದೇನೆ, ವರ್ಗಾವಣೆ ಆಗಿದೆ ಎಂದು ಐಡಿ ಕಾರ್ಡಿನ ಫೋಟೊ ಕಳಿಸುವ ಮೋಸ ಬಹಳ ಹಳೆಯದು, ಇನ್ನೂ ನಡೆಯುತ್ತಿದೆ.

ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನುವವರು. ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಸರು ವರ್ಗಾವಣೆ ಬೇಡ, ಸ್ವಲ್ಪ ದಿನ ಓಡಿಸಿ ಮತ್ತೆ ಮಾರುವವನಿದ್ದೇನೆ ಅನ್ನುವವರು. ಖಾಲಿ ಫಾರ್ಮಿಗೆ ಸಹಿ ಹಾಕಿಕೊಡಿ, ಹೆಸರು ಆಮೇಲೆ ಬರೆದುಕೊಳ್ಳುತ್ತೇವೆ ಅನ್ನುವವರು. ಆಧಾರ್ ತಂದಿಲ್ಲ ಎಂದು ಎರಡನೇ ಸಲವೂ ಹೇಳುವವರು.

ವ್ಯಾಪಾರದವರಿಗೆ ಕೊಡುವುದಾದರೆ

ಬೇಗ ಆಗುತ್ತದೆ, ಹಣ ಕಡಿಮೆ ಬರುತ್ತದೆ. ಅವಸರ ಇದ್ದವರಿಗೆ ಅದು ತಪ್ಪಲ್ಲ. ಆದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಹಳೇ ವಾಹನದ ವ್ಯಾಪಾರಿಗೆ ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಬೇಕು. ಅಂಥವರಿಗೆ ಗಾಡಿ ಒಪ್ಪಿಸಿದಾಗ ಫಾರ್ಮ್ 29ಸಿಯಲ್ಲಿ ತಿಳಿಸಬೇಕು. ಆಮೇಲೆ ಆ ಗಾಡಿಯ ಹೊಣೆ ಅವರದಾಗುತ್ತದೆ. ಪ್ರಮಾಣಪತ್ರ ತೋರಿಸಿ ಎಂದು ಕೇಳಿ. ಇಲ್ಲ ಎಂದರೆ ಅವರೂ ಸಾಮಾನ್ಯ ಗಿರಾಕಿಯೇ: ಅವರ ಹೆಸರಿಗೆ ವರ್ಗಾವಣೆ ಆಗಲಿ, ಇಲ್ಲವೇ ಅವರು ತರುವ ಕೊನೆಯ ಗಿರಾಕಿಯ ಹೆಸರಿಗೆ ನಿಮ್ಮ ಮುಂದೆ ಆಗಲಿ.

ಹಂತ 7: ಸಂಚಕಾರ ಮತ್ತು ಪೂರ್ತಿ ಹಣ

ಸಂಚಕಾರ ಪಡೆದ ಕೂಡಲೇ ಒಂದು ಹಾಳೆಯಲ್ಲಿ ಬರೆಯಿರಿ: ಒಪ್ಪಿದ ಬೆಲೆ, ಈಗ ಕೊಟ್ಟದ್ದು, ಉಳಿದದ್ದು, ಯಾವ ತಾರೀಖಿನೊಳಗೆ, ಬರದಿದ್ದರೆ ಸಂಚಕಾರ ಏನಾಗುತ್ತದೆ. ಇಬ್ಬರ ಸಹಿ. ಒಂದು ವಾರಕ್ಕಿಂತ ಹೆಚ್ಚು ಗಡುವು ಕೊಡಬೇಡಿ. ಅಮಾವಾಸ್ಯೆ ಮುಗಿಯಲಿ ಎಂದು ಕೇಳಿದರೆ ಕೊಡಿ, ಅದು ನಮ್ಮಲ್ಲಿ ನಿಜವಾದ ಕಾರಣವೇ.

ಪೂರ್ತಿ ಹಣ ಬರದೆ ಕೀಲಿ ಕೊಡಬೇಡಿ. ಪರಿಚಯದವರಾದರೂ, ಬೀಗರಾದರೂ. ಕಂತಿನಲ್ಲಿ ಕೊಡುತ್ತೇನೆ ಅಂದವರಿಗೆ ಕೊನೆಯ ಕಂತು ಬಂದ ದಿನ ಗಾಡಿ ಎಂದು ಹೇಳಿ. ಹಣ ಬಂತು ಎನ್ನುವುದಕ್ಕೆ ಅವರ ಫೋನಿನ ಹಸಿರು ಟಿಕ್ ಸಾಕ್ಷಿಯಲ್ಲ; ಅದನ್ನು ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಖಾತೆಯ ಬ್ಯಾಲೆನ್ಸ್ ನೀವೇ ತೆರೆದು ನೋಡಿ. ನಗದಾದರೆ ಬ್ಯಾಂಕಿನ ವೇಳೆಯಲ್ಲಿ, ಬ್ಯಾಂಕಿನಲ್ಲಿಯೇ ಎಣಿಸಿ ಕಟ್ಟಿಬಿಡಿ. ಚೆಕ್ ಬೇಡ.

ಹಂತ 8: ವರ್ಗಾವಣೆಯ ಅರ್ಜಿ ಮೊದಲು, ಕೀಲಿ ಆಮೇಲೆ

ನನ್ನ ಮೊದಲ ಗಾಡಿಯನ್ನು ನಾನು ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಮಾಡಿಸಿ ಕೊಟ್ಟಿದ್ದೆ. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಿದರು. ಎರಡು ವರ್ಷದ ನಂತರ ಒಂದು ಮುಂಜಾನೆ ಪೊಲೀಸರು ಮನೆಗೆ ಬಂದರು: ಬೇರೆ ತಾಲೂಕಿನಲ್ಲಿ ಆ ಗಾಡಿ ಒಬ್ಬ ವೃದ್ಧರಿಗೆ ಹೊಡೆದಿತ್ತು, ಓಡಿಸಿದವನು ಬಿಟ್ಟು ಓಡಿದ್ದ, ಇನ್ಶೂರೆನ್ಸ್ ಇರಲಿಲ್ಲ. ನಾನು ತೋರಿಸಿದ ಬಾಂಡ್ ಪೇಪರನ್ನು ಅವರು ಓದಿ ತಿರುಗಿ ನನ್ನ ಕೈಗೇ ಕೊಟ್ಟರು. ನಮ್ಮ ತಾಯಿ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಇದನ್ನೆಲ್ಲ ನಾನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಅದಕ್ಕಾಗಿಯೇ.

ಕಾನೂನು ಏನು ಹೇಳುತ್ತದೆ ನೋಡಿ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ದಾಖಲೆಯಲ್ಲಿ ಹೆಸರು ಮೊದಲನೆಯವರದೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು. ನೋಟರಿ ಪತ್ರ ಹಣಕಾಸಿನ ತಕರಾರಿಗೆ ಸಾಕ್ಷಿಯಾದೀತು, ಮಾಲೀಕತ್ವ ಬದಲಿಸುವುದಿಲ್ಲ.

ಅದೇ ಕಾಯ್ದೆಯ 50ನೇ ಕಲಂ ಪ್ರಕಾರ, ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು. ನಿಮ್ಮದು ಫಾರ್ಮ್ 29, ಎರಡು ಪ್ರತಿ. ಇಬ್ಬರದೂ ಸೇರಿ ಫಾರ್ಮ್ 30. ಅದರ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು: ನಂಬರ್ ಕೆತ್ತಿದ ಜಾಗದ ಗ್ರೀಸು, ಮಣ್ಣು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಹಗುರವಾಗಿ ಉಜ್ಜಿ. ಬಿಸಿಲಲ್ಲಿ ಮಾಡಿ, ಮೂರು ನಾಲ್ಕು ಪ್ರಿಂಟ್ ತೆಗೆದಿಡಿ.

ಪರಿವಾಹನ್ ಪೋರ್ಟಲ್‌ನಲ್ಲಿ ಹೆಸರು ವರ್ಗಾವಣೆಯ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಅರ್ಜಿ ನಂಬರ್ ಬರೆದುಕೊಳ್ಳಿ. ಬೈಕಿನ ವರ್ಗಾವಣೆಗೆ ಕೇಂದ್ರ ನಿಯಮದ ಶುಲ್ಕ 150 ರೂಪಾಯಿ. ಕಾರ್ಡಿನದು, ಸೇವಾ ಶುಲ್ಕ ಬೇರೆ. ಏಜೆಂಟ್ ಸಾವಿರಗಟ್ಟಲೆ ಕೇಳಿದರೆ ಉಳಿದದ್ದು ಯಾತಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ. ಅರ್ಜಿಯನ್ನು ಕೊಂಡವರೇ ಹಾಕಿಕೊಳ್ಳಲಿ ಎಂದು ಬಿಡಬೇಡಿ. ಇಬ್ಬರೂ ಒಂದೇ ಮುಂಜಾನೆ ಕೂತು, ನಿಮ್ಮ ಓಟಿಪಿ ನೀವೇ ಹಾಕಿ ಮುಗಿಸಿ, ಅರ್ಜಿಯ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು, ಆಮೇಲೆ ಕೀಲಿ ಕೊಡಿ. ಫಾರ್ಮುಗಳಲ್ಲಿ ಒಂದು ಜಾಗವನ್ನೂ ಖಾಲಿ ಬಿಟ್ಟು ಸಹಿ ಮಾಡಬೇಡಿ.

ಗೋವಾ ಅಥವಾ ಮಹಾರಾಷ್ಟ್ರದ ಗಿರಾಕಿಯಾದರೆ ಫಾರ್ಮ್ 28ರಲ್ಲಿ ಆರ್‌ಟಿಒದಿಂದ ಎನ್‌ಒಸಿ ತೆಗೆಯಬೇಕು. ಆ ತೊಡಕು ಹೆಚ್ಚು ದಿನ ಹಿಡಿಯುತ್ತದೆ. ಬೆಲೆಯಲ್ಲಿ ಒಂದೆರಡು ಸಾವಿರ ಕಡಿಮೆಯಾದರೂ ಇಲ್ಲಿಯವರಿಗೇ ಕೊಡುವುದು ಚಲೋ ಎಂಬುದು ನನ್ನ ಅನಿಸಿಕೆ.

ಹಂತ 9: ಗಾಡಿ ಒಪ್ಪಿಸುವ ದಿನ

ಡೆಲಿವರಿ ನೋಟ್ ಬರೆಯಿರಿ, ಎರಡು ಪ್ರತಿ. ಅದರಲ್ಲಿ ತಾರೀಖಿನ ಜೊತೆ ಗಂಟೆ-ನಿಮಿಷ ಇರಲೇಬೇಕು. ಮಧ್ಯಾಹ್ನ 12:20ಕ್ಕೆ ಒಪ್ಪಿಸಿದ್ದೇನೆ ಎಂದು ಬರೆದಿದ್ದರೆ 12:40ಕ್ಕೆ ಕ್ಯಾಮೆರಾದಲ್ಲಿ ಬಿದ್ದ ಕೇಸು ಯಾರದು ಎಂದು ಹೇಳಲು ಬರುತ್ತದೆ. ಗಾಡಿ ನಂಬರ್, ಚಾಸಿ ನಂಬರ್, ಮೀಟರಿನ ಓದು, ಬೆಲೆ, ಕೊಟ್ಟ ದಾಖಲೆಗಳ ಪಟ್ಟಿ, ಗೊತ್ತಿದ್ದ ದೋಷಗಳು, "ಈ ಸಮಯದಿಂದ ಹೊಣೆ ಕೊಂಡವರದು" ಎಂಬ ಸಾಲು, ಇಬ್ಬರು ಸಾಕ್ಷಿ. ಕೊಂಡವರ ಆಧಾರ್ ಮತ್ತು ಲೈಸೆನ್ಸ್ ಪ್ರತಿಯ ಮೇಲೆ ಅವರದೇ ಸಹಿ. ಗಾಡಿಯ ಪಕ್ಕ ಅವರು ನಿಂತ ಒಂದು ಫೋಟೊ. ಬ್ಯಾಗು, ಸೈಡ್ ಬಾಕ್ಸ್ ಒಳಗೆ ಹಳೇ ಝೆರಾಕ್ಸ್, ಬ್ಯಾಂಕ್ ಚೀಟಿ ಉಳಿದಿಲ್ಲ ಎಂದು ನೋಡಿಕೊಳ್ಳಿ.

ಮನೆಯವರು ಕೀಲಿ ಕೊಡುವ ಮುಂಚೆ ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕಳಿಸಬೇಕು ಅಂದರೆ ಅದಕ್ಕೂ ಹತ್ತು ನಿಮಿಷ ಇಟ್ಟುಕೊಳ್ಳಿ. ಮಕ್ಕಳನ್ನು ಶಾಲೆಗೆ, ತಾಯಿಯನ್ನು ದವಾಖಾನೆಗೆ ಒಯ್ದ ಗಾಡಿ ಅದು.

ಹಂತ 10: ಹೆಸರು ಬದಲಾಗುವವರೆಗೆ ಬೆನ್ನುಹತ್ತಿ

ವಾರಕ್ಕೊಮ್ಮೆ ಅರ್ಜಿ ನಂಬರ್ ಹಾಕಿ ಸ್ಥಿತಿ ನೋಡಿ. ಯಾವುದೋ ದಾಖಲೆ ಸ್ಪಷ್ಟವಿಲ್ಲ ಎಂದು ವಾಪಸ್ ಬಂದಿದ್ದರೆ ಅದನ್ನು ತಿಳಿಸಲು ಯಾರೂ ಮನೆಗೆ ಬರುವುದಿಲ್ಲ. ಕೊಂಡವರು ಫೋನ್ ಎತ್ತುವುದು ನಿಲ್ಲಿಸಿದರೆ ಕಾಯಬೇಡಿ: ಫಾರ್ಮ್ 29 ಮತ್ತು ಡೆಲಿವರಿ ನೋಟಿನ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಆರ್‌ಟಿಒಗೆ ಕಳಿಸಿ, ಒಂದು ಪ್ರತಿಯನ್ನು ಕಚೇರಿಯಲ್ಲಿಯೇ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ, ನಿಮ್ಮ ಪೊಲೀಸ್ ಠಾಣೆಗೂ ಒಂದು ಅರ್ಜಿ ಬರೆದುಕೊಡಿ.

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದಾಗ ಮಾಲೀಕರ ಹೆಸರಿನ ಅಕ್ಷರಗಳು ಅರ್ಧ ಮುಚ್ಚಿರುತ್ತವೆ, ಆದರೂ ನಿಮ್ಮದಲ್ಲ ಎಂದು ಗುರುತು ಹಿಡಿಯಲು ಸಾಕು. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಇನ್ಶೂರೆನ್ಸ್ ಕಂಪನಿಗೆ ಮಾರಾಟದ ವಿಷಯ ಬರೆದು ತಿಳಿಸಿ. ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ಕಾಯ್ದೆ ಕೊಡುವ ಗಡುವು 14 ದಿನ. ನಿಮ್ಮದು ಪೂರ್ಣ ವಿಮೆಯಾಗಿದ್ದು ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಇದ್ದರೆ ಅದು ಗಾಡಿಯದಲ್ಲ, ನಿಮ್ಮದು. ಪತ್ರ ಪಡೆದುಕೊಂಡರೆ ಮುಂದಿನ 3 ವರ್ಷದೊಳಗೆ ಕೊಳ್ಳುವ ಹೊಸ ಗಾಡಿಗೆ ಬಳಸಬಹುದು. ಕೊನೆಗೆ ಡಿಜಿಲಾಕರ್‌ನಿಂದ ಹಳೇ ಆರ್‌ಸಿ ತೆಗೆದುಹಾಕಿ, ಡೆಲಿವರಿ ನೋಟು, ಅರ್ಜಿಯ ಪ್ರತಿ, ದಂಡದ ರಸೀದಿಗಳನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಯ ಆಸ್ತಿ ಕಾಗದಗಳ ಜೊತೆ ಇಡಿ.